ಹಿಂಸಾಪರಾಧ: ಊರಿನ ನಿರೀಕ್ಷೆ, ಠಾಣೆಯ ನಡೆ

ಕೊಲೆ, ಕೊಲೆಯತ್ನ, ಮಾರಣಾಂತಿಕ ಹಲ್ಲೆ, ಅತ್ಯಾಚಾರ, ದೊಂಬಿ, ಮನೆಗೆ ಬೆಂಕಿ ಹಚ್ಚುವುದು ಮುಂತಾಗಿ ಮನುಷ್ಯನ ಜೀವ ಮತ್ತು ದೇಹದ ಮೇಲೆ ನಡೆಯುವ ಅಪರಾಧಗಳನ್ನು ಒಟ್ಟಾಗಿ ಹಿಂಸಾಪರಾಧ ಎನ್ನುತ್ತಾರೆ. ಬಡತನ, ಕುಡಿತ, ಆಸ್ತಿ ವ್ಯಾಜ್ಯ, ಹಳೆಯ ದ್ವೇಷ, ವ್ಯಕ್ತಿಯ ಸ್ವಭಾವ ಹೀಗೆ ಇವಕ್ಕೆ ಕಾರಣಗಳು ಹಲವು. ಆದರೆ ಅದೇ ಬಡತನ, ಅದೇ ಬದುವಿನ ಜಗಳ ಒಂದು ಊರಿನಲ್ಲಿ ಬಾಯಿಮಾತಿನಲ್ಲೇ ಮುಗಿಯುತ್ತದೆ, ಇನ್ನೊಂದು ಊರಿನಲ್ಲಿ ಹೆಣ ಬೀಳುವವರೆಗೂ ಹೋಗುತ್ತದೆ. ಈ ವ್ಯತ್ಯಾಸವನ್ನು ಅರಿಯಲು ಎರಡು ಸಂಗತಿಗಳನ್ನು ನೋಡಬೇಕಾಗುತ್ತದೆ. ಒಂದು, ಅವಮಾನವಾದಾಗ ಮನುಷ್ಯ ಏನು ಮಾಡಬೇಕೆಂದು ಸುತ್ತಲಿನ ಜನ ನಿರೀಕ್ಷಿಸುತ್ತಾರೆ ಎಂಬುದು. ಇನ್ನೊಂದು, ದೂರು ಹೊತ್ತು ಹೋದವನಿಗೆ ಪೊಲೀಸ್ ಠಾಣೆಯಲ್ಲಿ ಏನು ಸಿಗುತ್ತದೆ ಎಂಬುದು. ಇವೆರಡೂ ಬೇರೆ ಬೇರೆಯಲ್ಲ. ಊರು ಠಾಣೆಯ ನಡೆಯನ್ನು ಗಮನಿಸುತ್ತಿರುತ್ತದೆ, ಠಾಣೆ ಊರಿನ ಬಲಾಬಲವನ್ನು ಅಳೆಯುತ್ತಿರುತ್ತದೆ. ಶಿಡ್ಲಘಟ್ಟ ತಾಲೂಕಿನ ಮೇಲೂರಿನ ಸುತ್ತಣ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಇತಿಹಾಸದಲ್ಲಿ ಇದನ್ನು ಕಲಿಸುವ ಎರಡು ದೊಡ್ಡ ಪ್ರಕರಣಗಳಿವೆ.

ಅಂಕಿಅಂಶಗಳು ಹೇಳುವುದೇನು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2022ರಲ್ಲಿ ಭಾರತದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ಒಂದು ಲಕ್ಷ ಜನಸಂಖ್ಯೆಗೆ ಸುಮಾರು 2.1ರ ಪ್ರಮಾಣವಿದು. ಜಗತ್ತಿನ ಸರಾಸರಿ ಇದರ ಎರಡು ಪಟ್ಟಿಗಿಂತ ಹೆಚ್ಚಿದೆ. ಕೊಲೆಯ ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ‘ವಿವಾದ’ಗಳದು: 9,962 ಪ್ರಕರಣ. ಎರಡನೆಯದು ವೈಯಕ್ತಿಕ ದ್ವೇಷ ಅಥವಾ ಸೇಡು: 3,761. ಲಾಭಕ್ಕಾಗಿ ಮಾಡಿದ ಕೊಲೆಗಳು 1,884 ಮಾತ್ರ. ಹಣಕ್ಕಾಗಿ ಕೊಲ್ಲುವ ಅಪರಿಚಿತನಿಗಿಂತ ಜಗಳವಾಡಿ ಕೊಲ್ಲುವ ಪರಿಚಿತನೇ ಹೆಚ್ಚು ಎಂಬುದು ಇದರ ತಾತ್ಪರ್ಯ. ಜಗಳಕ್ಕೆ ನೋಡುವವರಿರುತ್ತಾರೆ. ಬಿಟ್ಟುಕೊಟ್ಟವನನ್ನು ಅವರು ಹೇಡಿ ಎಂದರೆ ಕೈ ಮಚ್ಚಿಗೆ ಹೋಗುತ್ತದೆ, ವಿವೇಕಿ ಎಂದರೆ ಜಗಳ ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ಹಿಂಸೆಯ ಅಧ್ಯಯನ ಕೊಂದವನ ಮನಸ್ಸಿನಷ್ಟೇ ಸುತ್ತ ನಿಂತವರ ಮನಸ್ಸಿನ ಅಧ್ಯಯನವೂ ಹೌದು.

ಮಾನ, ಪ್ರಾಬಲ್ಯ ಮತ್ತು ಹಿಂಸೆ

ಮಾನದ ಕಲ್ಪನೆಗೂ ಹಿಂಸೆಗೂ ಇರುವ ನಂಟನ್ನು ಸಮಾಜವಿಜ್ಞಾನಿಗಳು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ರಿಚರ್ಡ್ ನಿಸ್ಬೆಟ್ ಮತ್ತು ಡವ್ ಕೋಹೆನ್ 1996ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಗ್ಗೆ ಬರೆದರು. ಪಶುಪಾಲನೆಯ ಹಿನ್ನೆಲೆಯಿರುವ, ಸರ್ಕಾರದ ಕೈ ದೂರವಿದ್ದ ನಾಡಿನಲ್ಲಿ ಅವಮಾನಕ್ಕೆ ಕೂಡಲೇ ತಿರುಗೇಟು ಕೊಡುವವನೆಂಬ ಹೆಸರೇ ಮನುಷ್ಯನ ರಕ್ಷಣೆಯಾಗಿತ್ತು ಎಂಬುದು ಅವರ ವಾದ. ಎಲೈಜಾ ಆಂಡರ್ಸನ್ 1999ರಲ್ಲಿ ಫಿಲಡೆಲ್ಫಿಯಾದ ಕಪ್ಪು ಜನರ ಬಡ ಬಡಾವಣೆಗಳಲ್ಲಿ ಇಂಥದೇ ‘ಬೀದಿಯ ಕಟ್ಟಳೆ’ಯನ್ನು ಕಂಡರು. ಪೊಲೀಸರು ತಮ್ಮನ್ನು ಕಾಯುವುದಿಲ್ಲ ಎಂದು ನಂಬಿದ ಯುವಕ ತನ್ನ ಕಾವಲನ್ನು ತಾನೇ ವಹಿಸಿಕೊಳ್ಳುತ್ತಾನೆ, ಮೆತ್ತಗೆ ಕಾಣಬಾರದೆಂಬ ಆತಂಕದಲ್ಲಿ ಬದುಕುತ್ತಾನೆ. ಎರಡು ಅಧ್ಯಯನಗಳೂ ಸೇರುವ ಬಿಂದು ಒಂದೇ: ಕಾನೂನು ಕೈಗೆಟುಕದ ಕಡೆ ಮಾನವೇ ಕಾನೂನಾಗುತ್ತದೆ.

ಕನ್ನಡ ನಾಡಿನ ಹಳ್ಳಿಯನ್ನು ಅರಿಯಲು ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಹೆಚ್ಚು ಉಪಯುಕ್ತ. ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ‘ರಾಂಪುರ’ ಎಂದು ಹೆಸರಿಟ್ಟು ಅವರು ನಡೆಸಿದ ಅಧ್ಯಯನ 1959ರಲ್ಲಿ ಪ್ರಕಟವಾಯಿತು. ಸಂಖ್ಯೆ, ಭೂಮಿ, ಅಧಿಕಾರ ಮೂರೂ ಕೈಯಲ್ಲಿರುವ ಜಾತಿಯ ಹಿರಿಯರು ಊರಿನ ವ್ಯಾಜ್ಯಗಳನ್ನು ತೀರ್ಮಾನಿಸುತ್ತಾರೆ. ಒಳಗಿನ ಮಾತು ಠಾಣೆಗೆ, ಕೋರ್ಟಿಗೆ ಹೋಗುವುದನ್ನು ಅವರು ಇಷ್ಟಪಡುವುದಿಲ್ಲ. ಈ ವ್ಯವಸ್ಥೆ ಎಷ್ಟೋ ಸಣ್ಣ ಜಗಳಗಳನ್ನು ರಕ್ತವಿಲ್ಲದೆ ಮುಗಿಸಿದೆ ಎಂಬುದು ನಿಜ. ಆದರೆ ನ್ಯಾಯ ಹೇಳುವವನೇ ಒಂದು ಕಡೆಯವನಾದಾಗ ಅದು ಹೆದರಿಸುವ ಯಂತ್ರವಾಗುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಿ.ಆರ್. ಅಂಬೇಡ್ಕರ್ ಹಳ್ಳಿಯನ್ನು ಆದರ್ಶವೆಂದು ಕೊಂಡಾಡುವುದನ್ನು ಕಟುವಾಗಿ ಟೀಕಿಸಿದ್ದು ಈ ಅನುಭವದಿಂದಲೇ. ಕೊಲೆಗಿಂತ ಸದ್ದಿಲ್ಲದ ಹಿಂಸೆಯಾದ ಸಾಮಾಜಿಕ ಬಹಿಷ್ಕಾರವನ್ನೂ ಅವರು ಗಂಭೀರ ಅಪರಾಧವೆಂದೇ ಕಂಡಿದ್ದರು.

ಸೀಮೆಯ ಪರಿಚಯ

ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟಿತು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 12,55,104. ಇದರಲ್ಲಿ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಪಂಗಡದವರ ಪ್ರಮಾಣವೂ ಗಣನೀಯ. ಆಂಧ್ರದ ಗಡಿಗೆ ತಾಗಿದ ಈ ನೆಲದಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಮತ್ತು ಆಳದ ಕೊಳವೆಬಾವಿಗಳೇ ಆಧಾರ. ಮೇಲೂರು, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ, ರೇಷ್ಮೆ, ದ್ರಾಕ್ಷಿ ಜನರನ್ನು ಸಾಕಿವೆ. ನೀರು ಕಡಿಮೆಯಿರುವ ಕಡೆ ಬದು, ಕಾಲುವೆ, ಕೊಳವೆಬಾವಿ, ಗೋಮಾಳ ಎಲ್ಲವೂ ವ್ಯಾಜ್ಯದ ವಸ್ತುಗಳೇ. ಇದೇ ಸೀಮೆ ದಲಿತ ಚಳವಳಿ, ರೈತ ಚಳವಳಿ, ಎಡಪಕ್ಷಗಳ ಚಳವಳಿಗಳನ್ನೂ ಕಂಡಿದೆ. ತಲೆಬಾಗಿ ನಿಲ್ಲುತ್ತಾರೆ ಎಂದು ಊರು ನಿರೀಕ್ಷಿಸಿದ ಜನ ತಲೆಯೆತ್ತಿ ನಿಂತಾಗ ಘರ್ಷಣೆ ಹುಟ್ಟಿದೆ. ಹಳೆಯ ನಿರೀಕ್ಷೆ ಮುರಿದು ಹೊಸದು ಇನ್ನೂ ನೆಲೆಯಾಗದ ಹೊತ್ತೇ ಅತ್ಯಂತ ಅಪಾಯದ ಹೊತ್ತು.

ವಿದುರಾಶ್ವತ್ಥ, 1938

ಪೊಲೀಸರ ನಡೆಯೇ ಹಿಂಸೆಯಾಗಬಲ್ಲದು ಎಂಬುದಕ್ಕೆ ಈ ಸೀಮೆಯ ಮೊದಲ ಪಾಠ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದ್ದು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸುವುದಕ್ಕೆ ಆಗ ನಿಷೇಧವಿತ್ತು. 1938ರ ಏಪ್ರಿಲ್ 25ರಂದು ನಿಷೇಧಾಜ್ಞೆಯ ನಡುವೆಯೂ ಜನ ಅಲ್ಲಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಸತ್ತವರು 10 ಮಂದಿ ಎಂದಿತು. ಜನರ ಎಣಿಕೆಯಲ್ಲಿ ಆ ಸಂಖ್ಯೆ 30ನ್ನು ಮೀರುತ್ತದೆ. ‘ದಕ್ಷಿಣದ ಜಲಿಯನ್‌ವಾಲಾ ಬಾಗ್’ ಎಂಬ ಹೆಸರು ಈ ಸ್ಥಳಕ್ಕೆ ಅಂಟಿಕೊಂಡಿತು. ಮುಂದಿನ ತಿಂಗಳು ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದ ಮೇಲೆ ಧ್ವಜದ ನಿಷೇಧ ಸಡಿಲವಾಯಿತು. ಬಂದೂಕಿನಿಂದ ಬಗೆಹರಿಯದ ಧ್ವಜದ ಪ್ರಶ್ನೆ ಮಾತಿನಿಂದ ಬಗೆಹರಿಯಿತು. ಗುಂಡು ಹಾರುವ ಮೊದಲೇ ಆ ಮಾತು ನಡೆದಿದ್ದರೆ ಅಷ್ಟು ಜೀವ ಹೋಗುತ್ತಿರಲಿಲ್ಲ.

ಕಂಬಾಲಪಲ್ಲಿ, 2000

ಎರಡನೆಯ ಪಾಠ ಇದಕ್ಕೆ ತದ್ವಿರುದ್ಧ. ಅಲ್ಲಿ ಪೊಲೀಸರ ಬಲ ಅತಿಯಾಗಿತ್ತು, ಇಲ್ಲಿ ಕಾನೂನಿನ ಕೈ ಹೊತ್ತಿಗೆ ಒದಗಲಿಲ್ಲ. ಕಂಬಾಲಪಲ್ಲಿ ಚಿಂತಾಮಣಿ ತಾಲೂಕಿನ ಹಳ್ಳಿ, ಕೆಂಚಾರ್ಲಹಳ್ಳಿ ಠಾಣೆಯ ವ್ಯಾಪ್ತಿಗೆ ಸೇರಿದ್ದು. ಮೇಲ್ಜಾತಿಯವರ ಮತ್ತು ದಲಿತರ ನಡುವೆ ವರ್ಷಗಳಿಂದ ಹೊಗೆಯಾಡುತ್ತಿದ್ದ ವೈಷಮ್ಯ 2000ದ ಮಾರ್ಚ್ 11ರಂದು ಸ್ಫೋಟಿಸಿತು. ಕಲ್ಲುತೂರಾಟದಲ್ಲಿ ಮೇಲ್ಜಾತಿಯವರ ಕಡೆಯ ಒಬ್ಬ ವ್ಯಕ್ತಿ ಸತ್ತ. ಸೇಡಿಗೆ ಹೊರಟ ಗುಂಪು ದಲಿತರ ಮನೆಗಳ ಮೇಲೆ ಬಿತ್ತು. ಮನೆಯೊಳಗೆ ಸಿಕ್ಕಿಬಿದ್ದವರು ಹೊರಬರದಂತೆ ಮಾಡಿ ಬೆಂಕಿ ಹಚ್ಚಲಾಯಿತು. ಹೆಂಗಸರೂ ಸೇರಿ 7 ಮಂದಿ ದಲಿತರು ಜೀವಂತ ಸುಟ್ಟುಹೋದರು.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ, ಮಲ್ಲಿಕಾರ್ಜುನ ಖರ್ಗೆ ಗೃಹ ಸಚಿವರಾಗಿದ್ದ ಕಾಲವದು. ನಾಡೆಲ್ಲ ತಲ್ಲಣಿಸಿತು. ಆದರೆ ವಿಚಾರಣೆಯ ವೇಳೆಗೆ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು, ಮೊದಲು ಹೇಳಿದ್ದನ್ನು ಕೋರ್ಟಿನಲ್ಲಿ ಹೇಳಲಿಲ್ಲ. 2006ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.

ಸಾಕ್ಷಿ ತಿರುಗಿಬೀಳುವುದನ್ನು ಹೇಡಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಾಕ್ಷಿ ಹೇಳಿದವನು ಸಂಜೆ ಅದೇ ಬಸ್ಸಿನಲ್ಲಿ ಅದೇ ಊರಿಗೆ ಮರಳಬೇಕು, ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು, ಅದೇ ಅಂಗಡಿಯಲ್ಲಿ ಸಾಲ ಕೇಳಬೇಕು. ಪ್ರಕರಣ ಆರು ವರ್ಷ ನಡೆದರೆ ಆ ಆರು ವರ್ಷವೂ ಊರಿನ ಕಣ್ಣು ಅವನ ಮೇಲಿರುತ್ತದೆ. ಪೊಲೀಸ್ ವ್ಯಾನು ತಿಂಗಳೊಳಗೆ ಹೊರಟುಹೋಗುತ್ತದೆ. ಸಾಕ್ಷಿ ಊರಿಗೆ ಹೆದರುವುದು ಠಾಣೆಯ ಮೇಲೆ ನಂಬಿಕೆಯಿಲ್ಲದ ಕಾರಣ. ಕಂಬಾಲಪಲ್ಲಿಯಲ್ಲಿ ಬೆಂಕಿ ಕೊಂದದ್ದು ಒಂದು ದಿನ. ಮೌನ ಕೆಲಸ ಮಾಡಿದ್ದು ಹದಿನಾಲ್ಕು ವರ್ಷ.

ನಾಡಿನ ಇತರ ಪ್ರಕರಣಗಳು

ನಂಜನಗೂಡು ತಾಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಲ್ಲೇ 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ಸಿನಿಮಾ ಟಿಕೆಟ್ಟಿನ ಗಲಾಟೆಯೊಂದು ಊರಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಭೇದ ಮಾಡುವುದರ ವಿರುದ್ಧ ಅಲ್ಲಿನ ದಲಿತರು ದನಿಯೆತ್ತಿದ್ದೇ ಅದರ ಹಿನ್ನೆಲೆ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, 3 ಮಂದಿಗೆ 5 ವರ್ಷ ಜೈಲು ವಿಧಿಸಿತು. ಮುಂದೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಆದರೂ ಗುಂಪಿನಲ್ಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ ಎಂಬ ಹಳ್ಳಿಯ ಹಳೆಯ ನಂಬಿಕೆಯನ್ನು ಆ ತೀರ್ಪು ಅಲುಗಿಸಿದ್ದು ಸುಳ್ಳಲ್ಲ.

ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಜಾತ್ರೆಯ ವೇಳೆ ದೇವರ ಕೋಲು ಮುಟ್ಟಿದನೆಂದು ದಲಿತ ಹುಡುಗನ ಮನೆಯವರಿಗೆ ಊರಿನವರು 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಬೇಕೆಂದರು. ತಾಯಿ ಸುಮ್ಮನಿರಲಿಲ್ಲ. ಸಂಘಟನೆಗಳು ಜೊತೆಗೆ ನಿಂತವು, ಪ್ರಕರಣ ದಾಖಲಾಯಿತು, ಅಧಿಕಾರಿಗಳು ಊರಿಗೆ ಬಂದರು. ರಕ್ತ ಹರಿಯಲಿಲ್ಲ. ದಂಡದ ಹಂತದಲ್ಲೇ ಕಾನೂನು ಊರೊಳಗೆ ಕಾಲಿಟ್ಟರೆ ಬೆಂಕಿಯ ಹಂತ ತಪ್ಪಬಹುದು ಎಂಬುದಕ್ಕೆ ಇದು ನಿದರ್ಶನ.

ಮನೆಯೊಳಗಿನ ಹಿಂಸೆ

ಸಾಮಾಜಿಕ ನಿರೀಕ್ಷೆಯ ಬಲ ಮನೆಯೊಳಗೆ ಇನ್ನೂ ಸ್ಪಷ್ಟ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಕೆಲವು ಸಂದರ್ಭಗಳಲ್ಲಾದರೂ ಗಂಡ ಹೆಂಡತಿಯನ್ನು ಹೊಡೆಯುವುದು ಸರಿ ಎಂದವರು ಗಂಡಸರಲ್ಲಿ ಶೇ 81.9, ಹೆಂಗಸರಲ್ಲಿ ಶೇ 76.9. ದೇಶದಾದ್ಯಂತ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಹೊಡೆಸಿಕೊಂಡವಳೇ ‘ಅವರು ಹೊಡೆಯದೆ ಇನ್ನಾರು ಹೊಡೆಯಬೇಕು’ ಎನ್ನುವ ಕಡೆ, ‘ಗಂಡ ಹೆಂಡಿರ ಜಗಳ, ಮನೆಗೆ ಹೋಗಿ’ ಎಂದು ಠಾಣೆಯೂ ಹೇಳಿಬಿಟ್ಟರೆ ಅವಳಿಗೆ ಉಳಿಯುವ ಬಾಗಿಲು ಯಾವುದೂ ಇಲ್ಲ. ಇಂಥ ಮನೆಗಳಲ್ಲಿ ಸಾವು ಒಮ್ಮೆಗೇ ಬರುವುದಿಲ್ಲ, ಹಲವು ಹೊಡೆತಗಳ ಕೊನೆಯಲ್ಲಿ ಬರುತ್ತದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ ಬಂದದ್ದು ಆ ಹಾದಿಯನ್ನು ನಡುವೆಯೇ ಕತ್ತರಿಸಲು.

ಮರ್ಯಾದೆಗೇಡು ಹತ್ಯೆ ಇದರ ಅತಿರೇಕ. ಜಾತಿ ಮೀರಿ ಮದುವೆಯಾದ ಮಗಳನ್ನೋ ಅವಳ ಗಂಡನನ್ನೋ ಮನೆಯವರೇ ಕೊಲ್ಲುವಾಗ ಅವರ ಕಣ್ಣ ಮುಂದಿರುವುದು ‘ನಾಲ್ಕು ಜನ ಏನಂತಾರೆ’ ಎಂಬ ಪ್ರಶ್ನೆ. ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಜೋಡಿಗಳಿಗೆ ರಕ್ಷಣೆ, ಸುರಕ್ಷಿತ ವಸತಿ ಒದಗಿಸಬೇಕೆಂದೂ ಕರ್ತವ್ಯ ತಪ್ಪಿದ ಪೊಲೀಸರ ಮೇಲೆ ಕ್ರಮ ಜರುಗಿಸಬೇಕೆಂದೂ ಆದೇಶಿಸಿತು. ಠಾಣೆಗೆ ಓಡಿಬಂದ ಜೋಡಿಯನ್ನು ‘ಬುದ್ಧಿ ಹೇಳಿ’ ಹೆತ್ತವರ ಕೈಗೊಪ್ಪಿಸುವುದು ರಾಜಿಯಲ್ಲ, ಅಪಾಯ.

ವದಂತಿ ಮತ್ತು ಗುಂಪು

2018ರ ಬೇಸಿಗೆಯಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಾಟ್ಸ್ಆ್ಯಪ್ ಸಂದೇಶ ರಾಜ್ಯದ ಹಲವೆಡೆ ಹರಡಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಗುಂಪು ಅಟ್ಟಿಸಿಕೊಂಡು ಹೋಗಿ ಒಬ್ಬರನ್ನು ಕೊಂದಿತು. ಉಳಿದವರನ್ನು ಕಾಪಾಡಲು ಹೋದ ಪೊಲೀಸರೂ ಗಾಯಗೊಂಡರು. ಮಕ್ಕಳನ್ನು ಕಾಯಬೇಕು ಎಂಬ ಒಳ್ಳೆಯ ನಿರೀಕ್ಷೆಯೇ ಇಲ್ಲಿ ಕೊಲೆಗೆ ದಾರಿಯಾಯಿತು. ನಾಲ್ಕು ದಿನಗಳ ಬಳಿಕ, ಜುಲೈ 17ರಂದು, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದಿತು. ವದಂತಿಗೆ ಮದ್ದು ಲಾಠಿಗಿಂತ ಮೊದಲೇ ತಲುಪುವ ನಂಬಿಕಸ್ಥ ಮಾತು. ಬೀಟ್ ಕಾನ್‌ಸ್ಟೇಬಲ್‌ನ ಪರಿಚಯ ಊರಿಗಿದ್ದರೆ ಆ ಮಾತು ನಂಬಿಕೆಗೆ ಅರ್ಹವಾಗುತ್ತದೆ.

ಪೊಲೀಸರ ಯಾವ ನಡೆ ಹಿಂಸೆಯನ್ನು ತಗ್ಗಿಸುತ್ತದೆ

ಇಟಲಿಯ ಚೆಸಾರೆ ಬೆಕಾರಿಯಾ 1764ರಲ್ಲೇ ಹೇಳಿದ ವಿಚಾರ ಇಂದಿಗೂ ನಿಲ್ಲುತ್ತದೆ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಚಿತತೆ. ಗಸ್ತು ಹೆಚ್ಚಿಸಿದರೆ ಸಾಕು ಎಂಬ ನಂಬಿಕೆಯನ್ನು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972–73ರಲ್ಲಿ ಪರೀಕ್ಷಿಸಿದರು. ಕೆಲವು ಕಡೆ ಗಸ್ತು ವಾಹನ ಹೆಚ್ಚಿಸಿದರು, ಕೆಲವು ಕಡೆ ತೆಗೆದರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗುರಿಯಿಲ್ಲದ ಸುತ್ತಾಟಕ್ಕಿಂತ ಗೊತ್ತಾದ ಜಾಗ, ಗೊತ್ತಾದ ವೈಷಮ್ಯದ ಮೇಲೆ ಕಣ್ಣಿಡುವುದೇ ಫಲಕಾರಿ ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಊರು ಮತ್ತು ಠಾಣೆ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಮಿನಿಯಾಪೊಲಿಸ್ ಪ್ರಯೋಗ ಮುಖ್ಯ. 1981–82ರಲ್ಲಿ ಲಾರೆನ್ಸ್ ಶೆರ್ಮನ್ ಮತ್ತು ರಿಚರ್ಡ್ ಬರ್ಕ್, ಹೆಂಡತಿಯನ್ನು ಹೊಡೆದವನನ್ನು ಬಂಧಿಸಿದರೆ ಆತ ಮತ್ತೆ ಹೊಡೆಯುವ ಸಾಧ್ಯತೆ ಕಡಿಮೆ ಎಂದು ಕಂಡುಕೊಂಡರು. ಆದರೆ ಬೇರೆ ನಗರಗಳಲ್ಲಿ ಇದನ್ನೇ ಮತ್ತೆ ಪರೀಕ್ಷಿಸಿದಾಗ ಫಲ ಒಂದೇ ರೀತಿ ಇರಲಿಲ್ಲ. ಕೆಲಸ, ಸಂಸಾರ, ಹೆಸರು ಇದ್ದವರನ್ನು ಬಂಧನ ತಿದ್ದಿತು. ಕಳೆದುಕೊಳ್ಳಲು ಏನೂ ಇಲ್ಲದವರಲ್ಲಿ ಕೆಲವೆಡೆ ಹಿಂಸೆ ಹೆಚ್ಚಿತು. ಕೋಳದ ಬಲ ಅರ್ಧ ಕಬ್ಬಿಣದ್ದು, ಇನ್ನರ್ಧ ನೆರೆಹೊರೆಯ ಕಣ್ಣಿನದು.

ಟಾಮ್ ಟೈಲರ್ 1990ರಲ್ಲಿ ಇನ್ನೊಂದು ಸಂಗತಿಯನ್ನು ಮುಂದಿಟ್ಟರು. ಜನ ಕಾನೂನನ್ನು ಪಾಲಿಸುವುದು ಭಯಕ್ಕಿಂತ ಹೆಚ್ಚಾಗಿ ಅದು ನ್ಯಾಯವಾಗಿ ನಡೆಯುತ್ತಿದೆ ಎಂಬ ನಂಬಿಕೆಯಿಂದ. ತನ್ನ ಮಾತನ್ನು ಕೇಳಿದರು, ಮರ್ಯಾದೆಯಿಂದ ಕೂರಿಸಿದರು ಎಂದು ಅನಿಸಿದವನು ತೀರ್ಮಾನ ತನಗೆ ವಿರುದ್ಧವಾದರೂ ಒಪ್ಪುತ್ತಾನೆ. 1997ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಶಿಕಾಗೊದ 343 ನೆರೆಹೊರೆಗಳನ್ನು ಅಧ್ಯಯನ ಮಾಡಿ, ಪರಸ್ಪರ ನಂಬುವ ಮತ್ತು ತಪ್ಪು ಕಂಡಾಗ ಮಧ್ಯೆ ಪ್ರವೇಶಿಸುವ ಜನರಿರುವ ಕಡೆ ಹಿಂಸೆ ಕಡಿಮೆ ಎಂದು ತೋರಿಸಿದರು.

ನಮ್ಮ ಠಾಣೆಗಳ ಕೈಯಲ್ಲೂ ಇದಕ್ಕೆ ಸಾಧನಗಳಿವೆ. ಎರಡು ಗುಂಪುಗಳ ನಡುವೆ ಕಿಡಿ ಕಂಡಾಗ ಮುಚ್ಚಳಿಕೆ ಬರೆಸಿಕೊಳ್ಳಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು ಇತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು ಇದೆ. ಬೀಟ್ ವ್ಯವಸ್ಥೆ, ಶಾಂತಿ ಸಭೆ, ದಲಿತರ ಕುಂದುಕೊರತೆ ಸಭೆ, 112ರ ಸಹಾಯವಾಣಿ ಇವೆ. ಇವು ಹೆಸರಿಗೆ ನಡೆದರೆ ಊರು ಒಂದೇ ನೋಟದಲ್ಲಿ ಅದನ್ನು ಕಂಡುಹಿಡಿಯುತ್ತದೆ. ದುರ್ಬಲರ ದೂರಿಗೆ ಪ್ರಬಲರಿಂದ ಪ್ರತಿದೂರು ಬರೆಸಿಕೊಂಡು ಎರಡೂ ಕಡೆಯವರನ್ನು ರಾಜಿಗೆ ದೂಡುವುದು ಹಲವೆಡೆ ಕೇಳಿಬರುವ ದೂರು. ಅಂಥ ರಾಜಿ ಜಗಳವನ್ನು ಮುಗಿಸುವುದಿಲ್ಲ, ಮುಂದಿನ ಸಲ ಠಾಣೆಗೆ ಬರಬಾರದು ಎಂಬುದನ್ನಷ್ಟೇ ಕಲಿಸುತ್ತದೆ.

ಕಾನೂನಿನ ಚೌಕಟ್ಟು

1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, ಕರ್ತವ್ಯ ತಪ್ಪಿದ ಅಧಿಕಾರಿಗೂ ಶಿಕ್ಷೆ ವಿಧಿಸುತ್ತದೆ. 1995ರ ನಿಯಮಗಳಂತೆ ತನಿಖಾಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. 2015ರ ತಿದ್ದುಪಡಿ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆಂದೇ ಹೊಸ ಅಧ್ಯಾಯವನ್ನು ಸೇರಿಸಿತು. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ವಾರಂಟ್ ಇಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧದ ಮಾಹಿತಿ ಬಂದ ಕೂಡಲೇ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದಿತು. 2018ರ ಡಿಸೆಂಬರಿನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ನೀಡಿತು. ಸಾಕ್ಷಿಗೆ ಕಾವಲು, ಅಗತ್ಯವಿದ್ದರೆ ಬೇರೆಡೆ ವಸತಿ, ಗುರುತು ಮರೆಮಾಚುವುದು ಇದರಲ್ಲಿ ಸೇರಿವೆ. ಕರ್ನಾಟಕದಲ್ಲಿ ಜಾತಿ ದೌರ್ಜನ್ಯ ಪ್ರಕರಣಗಳಿಗೆಂದು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದ್ದು, ಇತ್ತೀಚೆಗೆ ಅದಕ್ಕೆ ಪ್ರತ್ಯೇಕ ಪೊಲೀಸ್ ಠಾಣೆಗಳನ್ನೂ ನೀಡಲಾಗಿದೆ. ಇವುಗಳಲ್ಲಿ ಹಲವು, ಕಂಬಾಲಪಲ್ಲಿಯ ಪ್ರಕರಣ ಎರಡು ನ್ಯಾಯಾಲಯಗಳನ್ನು ದಾಟಿದ ಮೇಲೆ ಬಂದವು.

ಸಮಾರೋಪ

ನಿರೀಕ್ಷೆಯೊಂದೇ ಕೊಲ್ಲುವುದಿಲ್ಲ, ಪೊಲೀಸರೊಬ್ಬರೇ ಕೊಲೆ ತಡೆಯಲಾರರು. ಆದರೆ ಮೇಲಿನ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹಾದಿ ಕಾಣುತ್ತದೆ. ಅವಮಾನವನ್ನು ನುಂಗುವುದು ದುರ್ಬಲರ ಕರ್ತವ್ಯ, ಸೇಡು ತೀರಿಸುವುದು ಪ್ರಬಲರ ಹಕ್ಕು ಎಂದು ಊರು ಎಣಿಸುವ ಕಡೆ, ಆ ಎಣಿಕೆಯನ್ನು ಠಾಣೆಯೂ ಒಪ್ಪಿದಂತೆ ಕಂಡರೆ ಹಿಂಸೆಗೆ ಅನುಮತಿ ಸಿಕ್ಕಂತೆ. ಬಡ ಹೆಂಗಸಿನ ಮೊದಲ ದೂರನ್ನು ಅದೇ ದಿನ ಬರೆದುಕೊಂಡು, ಮರುದಿನ ಊರಿಗೆ ಹೋಗಿ ವಿಚಾರಿಸಿ, ಸಾಕ್ಷಿ ಹೇಳಿದವನ ಮನೆಯನ್ನು ವರ್ಷಗಳವರೆಗೆ ಕಾಯುವ ಠಾಣೆ ಊರಿನ ನಿರೀಕ್ಷೆಯನ್ನೇ ನಿಧಾನವಾಗಿ ಬದಲಿಸಬಲ್ಲದು. ಊರಿನವರ ಪಾಲೂ ಅಷ್ಟೇ ಇದೆ. ಕಂಡದ್ದನ್ನು ಕೋರ್ಟಿನಲ್ಲಿ ಹೇಳುವ ನೆರೆಯವನ ಜೊತೆಗೆ ಇನ್ನೂ ನಾಲ್ಕು ಜನ ನಿಂತರೆ ಅವನು ತಿರುಗಿಬೀಳಬೇಕಾಗಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಮಂದಿ ಸುಟ್ಟುಹೋದರು. ಎರಡು ನ್ಯಾಯಾಲಯಗಳಲ್ಲಿ ಅದಕ್ಕಾಗಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.